ತೊಂಬತ್ನಾಲ್ಕರ ಗೆರೆ

2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, ಬೆಂಗಳೂರಿನಲ್ಲಿ ಯಾರಿಗೆ ಫೋನ್ ಮಾಡಿದರೂ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಒಂದೇ: ‘ಸ್ಯಾಚುರೇಶನ್ ಎಷ್ಟಿದೆ?’ ಹಾಸಿಗೆ ಹುಡುಕಿಕೊಡುತ್ತಿದ್ದ ಸ್ವಯಂಸೇವಕರು ಅದನ್ನೇ ಕೇಳುತ್ತಿದ್ದರು, ವಾರ್ ರೂಮಿನ ಸಿಬ್ಬಂದಿ ಅದನ್ನೇ ಕೇಳುತ್ತಿದ್ದರು, ಊರಿನಿಂದ ವಿಚಾರಿಸುವ ಚಿಕ್ಕಪ್ಪನೂ ಅದನ್ನೇ ಕೇಳುತ್ತಿದ್ದರು. 94 ಇದ್ದರೆ ಮನೆಯಲ್ಲೇ ಇರಿ. 93ಕ್ಕೆ ಇಳಿದರೆ ಆಸ್ಪತ್ರೆ. 90ಕ್ಕಿಂತ ಕೆಳಗೆ ಹೋದರೆ ಐಸಿಯು. ಇದು ಜನ ತಾವಾಗಿ ಕಟ್ಟಿಕೊಂಡ ಲೆಕ್ಕವಲ್ಲ. ಉಸಿರಾಟದ ವೇಗದ ಜೊತೆಗೆ ರಕ್ತದ ಆಮ್ಲಜನಕದ ಮಟ್ಟವನ್ನೂ ಪರಿಗಣಿಸಿ, 90ರಿಂದ 93ರವರೆಗೆ ಇದ್ದವರನ್ನು ‘ಮಧ್ಯಮ’ ಎಂದೂ ಅದಕ್ಕಿಂತ ಕೆಳಗಿದ್ದವರನ್ನು ‘ತೀವ್ರ’ ಎಂದೂ ಕೇಂದ್ರದ ಚಿಕಿತ್ಸಾ ಮಾರ್ಗಸೂಚಿಯೇ ವಿಂಗಡಿಸಿತ್ತು. ಮನೆಯಲ್ಲಿ ಉಸಿರು ಎಣಿಸುವವರು ಯಾರೂ ಇರಲಿಲ್ಲ. ಹಾಗಾಗಿ ಉಳಿದದ್ದು ಬೆರಳಿಗೆ ಸಿಕ್ಕಿಸಿದ ಕ್ಲಿಪ್ ತೋರಿಸುವ ಅಂಕಿಯೊಂದೇ.

ಆ ಕ್ಲಿಪ್, ಅಂದರೆ ಪಲ್ಸ್ ಆಕ್ಸಿಮೀಟರ್, ಅದಕ್ಕೂ ಹಿಂದೆ ಮೂರೂವರೆ ದಶಕ ಆಪರೇಷನ್ ಥಿಯೇಟರಿನಲ್ಲಿ, ಐಸಿಯುಗಳಲ್ಲಿ ಇತ್ತು. ಅಲ್ಲಿ ಅದರ ಪಕ್ಕದಲ್ಲಿ ನರ್ಸ್ ಇರುತ್ತಿದ್ದರು, ಅರಿವಳಿಕೆ ತಜ್ಞರು ಇರುತ್ತಿದ್ದರು. ಅಂಕಿ ಯಾಕೋ ಸರಿಯಿಲ್ಲ ಎನಿಸಿದರೆ ಅಪಧಮನಿಯಿಂದ ಒಂದಿಷ್ಟು ರಕ್ತ ತೆಗೆದು ಪರೀಕ್ಷಿಸಿ ನೋಡುವ ದಾರಿ ಇತ್ತು. ಅದೇ ಸಾಧನ ಮನೆಗೆ ಬಂದಾಗ ಅಂಕಿ ಮಾತ್ರ ಬಂತು. ಅದನ್ನು ಅನುಮಾನಿಸಬಲ್ಲವರು ಬರಲಿಲ್ಲ. ದೂರ ಆರೋಗ್ಯ ತಂತ್ರಜ್ಞಾನದ ಬಗ್ಗೆ ಸರ್ಕಾರಗಳು ಯೋಚಿಸಬೇಕಾದದ್ದೆಲ್ಲ ಈ ಕೊರತೆಯ ಸುತ್ತಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ಆ ಕ್ಲಿಪ್ಪಿನೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಜಪಾನಿನ ನಿಹೋನ್ ಕೋಡೆನ್ ಕಂಪನಿಯಲ್ಲಿ ತಕುವೊ ಅಯೋಯಾಗಿ ಎಂಬ ಎಂಜಿನಿಯರ್ ಇದ್ದರು. 1970ರ ದಶಕದ ಆರಂಭದಲ್ಲಿ ಅವರು ಹುಡುಕುತ್ತಿದ್ದದ್ದು ಬೇರೆಯದನ್ನೇ: ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಎಂಬುದನ್ನು ಸೂಜಿ ಚುಚ್ಚಿ ರಕ್ತ ತೆಗೆಯದೆ, ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯುವ ಬಗೆ. ರಕ್ತಕ್ಕೆ ಬಣ್ಣವೊಂದನ್ನು ಸೇರಿಸಿ ಅದು ತೆಳುವಾಗುತ್ತ ಹೋಗುವುದನ್ನು ನೋಡಬೇಕಿತ್ತು. ನಾಡಿ ಮಿಡಿದಾಗಲೆಲ್ಲ ಬೆಳಕಿನ ಗೆರೆ ಅಲುಗಾಡಿ ಲೆಕ್ಕ ಕೆಡಿಸುತ್ತಿತ್ತು. ಆ ಅಲುಗಾಟವನ್ನು ಅಳಿಸಲು ಅವರು ಎರಡು ತರಂಗಾಂತರಗಳ ಬೆಳಕನ್ನು ಬಳಸಿ ಒಂದನ್ನು ಇನ್ನೊಂದರಿಂದ ಸರಿದೂಗಿಸಿದರು. ಆದರೆ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಬದಲಾದೊಡನೆ ಆ ಸರಿದೂಗಿಕೆ ಹಾಳಾಗುತ್ತಿತ್ತು. ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರೇನೋ. ಅಯೋಯಾಗಿ, ಹಾಗಾದರೆ ಆಮ್ಲಜನಕವನ್ನೇ ಅಳೆಯಬಹುದಲ್ಲ ಎಂದುಕೊಂಡರು. 1974ರಲ್ಲಿ ತಮ್ಮ ಕೆಲಸವನ್ನು ಜಪಾನಿನ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಅವರು ತೀರಿಕೊಂಡದ್ದು 2020ರ ಏಪ್ರಿಲ್ 18ರಂದು, ಜಗತ್ತೆಲ್ಲ ಅವರ ಸಾಧನಕ್ಕಾಗಿ ಔಷಧದಂಗಡಿಗಳ ಮುಂದೆ ಸಾಲು ನಿಲ್ಲತೊಡಗಿದ್ದ ಹೊತ್ತಿನಲ್ಲಿ.

ತತ್ವ ಸರಳ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರುವುದಿಲ್ಲ, ಅವಕೆಂಪು ಬೆಳಕನ್ನು ಹೀರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಇದಕ್ಕೆ ತದ್ವಿರುದ್ಧ. ಹಾಗಾಗಿ ಕ್ಲಿಪ್ಪಿನ ಒಂದು ಬದಿಯಲ್ಲಿ 660 ನ್ಯಾನೊಮೀಟರಿನ ಕೆಂಪು ಎಲ್‌ಇಡಿ ಮತ್ತು 940 ನ್ಯಾನೊಮೀಟರಿನ ಅವಕೆಂಪು ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಬೆಳಕು ಗುರುತಿಸುವ ಸಂವೇದಕ. ಬೆರಳಿನ ಮೂಳೆ, ಮಾಂಸ, ಚರ್ಮ, ಅಭಿಧಮನಿಯ ರಕ್ತ ಇವೆಲ್ಲ ಬೆಳಕನ್ನು ಒಂದೇ ಸಮನೆ ತಡೆಯುತ್ತವೆ. ನಾಡಿಯೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಸಾಧನ ಆ ಏರಿಳಿತವನ್ನಷ್ಟೇ ಹೆಕ್ಕಿಕೊಂಡು, ಎರಡು ಬಣ್ಣಗಳಲ್ಲಿ ಅದು ಎಷ್ಟೆಷ್ಟಿದೆ ಎಂಬುದರ ಅನುಪಾತ ತೆಗೆಯುತ್ತದೆ. ಅನುಪಾತ 1 ಆದರೆ ಪರದೆಯಲ್ಲಿ ಸುಮಾರು 85 ಕಾಣುತ್ತದೆ. ಬೆರಳು ಅಲುಗಾಡಿ ಸಂಕೇತ ಪೂರ್ತಿ ಗೋಜಲಾದಾಗಲೂ ಅನುಪಾತ 1ರ ಕಡೆಗೇ ಜಾರುವುದರಿಂದ, ಆರಾಮಾಗಿ ಕುಳಿತು ಕಾಫಿ ಕುಡಿಯುತ್ತಿರುವವರ ಬೆರಳಲ್ಲೂ ಕೆಲವೊಮ್ಮೆ 85 ಮಿನುಗಿ ಮನೆಮಂದಿಯ ಎದೆ ಝಲ್ಲೆನಿಸುವುದುಂಟು.

ಈಗ ಮುಖ್ಯ ಮಾತು. ಆ ಅನುಪಾತವನ್ನು ಶೇಕಡಾ ಅಂಕಿಯಾಗಿ ಬದಲಿಸುವ ಸೂತ್ರ ಭೌತವಿಜ್ಞಾನದ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಬೆಳಕು ಜೀವಂತ ಬೆರಳಿನೊಳಗೆ ನೇರವಾಗಿ ಹೋಗದೆ ಚದುರುತ್ತದೆ, ಲೆಕ್ಕ ಕೈಗೆ ಸಿಗುವುದಿಲ್ಲ. ಅದಕ್ಕೇ ಕಂಪನಿಗಳು ಆರೋಗ್ಯವಂತ ಸ್ವಯಂಸೇವಕರನ್ನು ಕರೆಸಿ, ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅವರ ಅಪಧಮನಿಯ ರಕ್ತದ ನಿಜವಾದ ಮಟ್ಟ ಎಷ್ಟು, ಆ ಕ್ಷಣಕ್ಕೆ ಬೆಳಕಿನ ಅನುಪಾತ ಎಷ್ಟು ಎಂದು ಒಂದರ ಪಕ್ಕ ಒಂದು ಬರೆದುಕೊಳ್ಳುತ್ತವೆ. ಶೇ. 70ಕ್ಕಿಂತ ಕೆಳಗೆ ಯಾರನ್ನೂ ಇಳಿಸುವಂತಿಲ್ಲ. ಅದಕ್ಕೂ ಕೆಳಗಿನ ಅಂಕಿಗಳು ಗೆರೆಯನ್ನು ಮುಂದಕ್ಕೆಳೆದು ಹಾಕಿದ ಅಂದಾಜು. ಅಂದರೆ ನಿಮ್ಮ ಬೆರಳಿನ ಮೇಲಿನ ಕ್ಲಿಪ್ ಆಮ್ಲಜನಕವನ್ನು ಅಳೆಯುವುದೇ ಇಲ್ಲ. ಬೆಳಕನ್ನು ಅಳೆದು, ಇನ್ಯಾರದೋ ದೇಹಗಳಿಂದ ತಯಾರಾದ ಕೋಷ್ಟಕವನ್ನು ನೋಡಿ, ನಿಮ್ಮದು ಇಷ್ಟಿರಬೇಕು ಎನ್ನುತ್ತದೆ.

ಆ ಇನ್ಯಾರೋ ಯಾರು?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ಇದಕ್ಕೆ ಉತ್ತರವಿದೆ. ಕನಿಷ್ಠ 10 ಮಂದಿಯ ಮೇಲೆ ಪರೀಕ್ಷಿಸಿ, ಅವರಲ್ಲಿ ಕನಿಷ್ಠ ಇಬ್ಬರು ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು ಮಂದಿ ಕಪ್ಪು ಮೈಬಣ್ಣದವರಿರಲಿ ಎಂದಿತ್ತು ಅದು. ಹತ್ತರಲ್ಲಿ ಇಬ್ಬರು. ಅವರಿಬ್ಬರ ಅಂಕಿ ತಪ್ಪಿದರೂ ಉಳಿದ ಎಂಟು ಮಂದಿಯದು ಸರಿಯಿದ್ದರೆ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಇದಕ್ಕೆ ದೊಡ್ಡ ಸಂಚೇನೂ ಬೇಕಿಲ್ಲ.

ಚರ್ಮದ ಬಣ್ಣ ಯಾಕೆ ಮುಖ್ಯವಾಗಬೇಕು ಎಂದು ಕೇಳಬಹುದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಾಡಿಯೊಂದಿಗೆ ಮಿಡಿಯುವುದಿಲ್ಲ, ಹಾಗಾಗಿ ಲೆಕ್ಕದಿಂದ ತಾನಾಗಿ ಹೊರಗುಳಿಯಬೇಕಿತ್ತು. ಬಹುಕಾಲ ಎಂಜಿನಿಯರುಗಳೂ ಹೀಗೆಯೇ ನಂಬಿದ್ದರು. ಒಂದು ವಿವರಣೆ ಹೀಗಿದೆ: ಎಲ್‌ಇಡಿ ಸೂಸುವ ಬೆಳಕು ಕರಾರುವಾಕ್ಕಾಗಿ 660 ನ್ಯಾನೊಮೀಟರ್ ಅಲ್ಲ, ಅದರ ಅತ್ತಿತ್ತ ಹರಡಿದ ಒಂದು ಪಟ್ಟಿ. ಮೆಲನಿನ್ ಕಡಿಮೆ ತರಂಗಾಂತರದ ಬೆಳಕನ್ನು ಹೆಚ್ಚು ಹೀರುತ್ತದೆ. ಹಾಗಾಗಿ ದಟ್ಟ ಚರ್ಮದೊಳಗಿಂದ ಹಾದುಬಂದ ಕೆಂಪಿನ ಸರಾಸರಿಯೇ ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ, ಜೊತೆಗೆ ಸಂಕೇತವೂ ಕ್ಷೀಣವಾಗಿರುತ್ತದೆ. ಫಲವೆಂದರೆ ಅಂಕಿ ನಿಜಕ್ಕಿಂತ ಹೆಚ್ಚಾಗಿ ಕಾಣುವುದು. ಕಡಿಮೆ ತೋರಿಸಿದ್ದರೆ ರೋಗಿ ಸುಮ್ಮನೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದ. ಹೆಚ್ಚು ತೋರಿಸುವುದೇ ಅಪಾಯ.

ಇದು ಕೋವಿಡ್ ಕಾಲದಲ್ಲಿ ಹೊಸದಾಗಿ ಗೊತ್ತಾದದ್ದೂ ಅಲ್ಲ. 1990ರಲ್ಲೇ ಷಿಕಾಗೊ ಬಳಿಯ ಲೊಯೋಲಾ ವಿಶ್ವವಿದ್ಯಾಲಯದ ಜುಬ್ರಾನ್ ಮತ್ತು ಟೋಬಿನ್, ವೆಂಟಿಲೇಟರಿನಲ್ಲಿದ್ದ ರೋಗಿಗಳನ್ನು ಹೋಲಿಸಿ ನೋಡಿದ್ದರು. ನಿಜ ಮಟ್ಟಕ್ಕೂ ಸಾಧನದ ಅಂಕಿಗೂ ನಾಲ್ಕು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಬಂದದ್ದು ಕಪ್ಪು ರೋಗಿಗಳಲ್ಲಿ ಶೇ. 27, ಬಿಳಿಯರಲ್ಲಿ ಶೇ. 11. 2005ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಬಿಕ್ಲರ್ ಮತ್ತು ಸಂಗಡಿಗರು, ಆಮ್ಲಜನಕ ಕೆಳಗಿಳಿದಷ್ಟೂ ಕಪ್ಪು ಚರ್ಮದವರಲ್ಲಿ ತಪ್ಪು ದೊಡ್ಡದಾಗುತ್ತದೆ ಎಂದು ಪ್ರಯೋಗಾಲಯದಲ್ಲೇ ತೋರಿಸಿದರು. ಇಷ್ಟಾದರೂ ನಿಯಮ ಹತ್ತರಲ್ಲಿ ಇಬ್ಬರು ಎಂಬಲ್ಲೇ ನಿಂತಿತ್ತು. ವಿಷಯ ಮತ್ತೆ ಮೇಲೆದ್ದದ್ದು ವೈದ್ಯರಿಂದಲ್ಲ, ಎಂಐಟಿಯ ಮಾನವಶಾಸ್ತ್ರಜ್ಞೆ ಏಮಿ ಮೊರಾನ್-ಥಾಮಸ್ 2020ರ ಆಗಸ್ಟಿನಲ್ಲಿ ಬರೆದ ಪ್ರಬಂಧವೊಂದರಿಂದ. ಅದನ್ನು ಓದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಕೆದಕಿದರು. ಸಾಧನ 92ರಿಂದ 96 ಎಂದು ನೆಮ್ಮದಿಯ ಅಂಕಿ ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಸಂದರ್ಭಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಸುಮಾರು ಮೂರು ಪಟ್ಟು. ಆ ವರ್ಷದ ಡಿಸೆಂಬರಿನಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾಯಿತು. ಐಸಿಯುವಿನ ಮಾನಿಟರಿನ ಬಗ್ಗೆ ವೈದ್ಯರನ್ನು ಎಚ್ಚರಿಸಲು ಒಬ್ಬ ಮಾನವಶಾಸ್ತ್ರಜ್ಞೆ ಬೇಕಾಯಿತು ಎಂಬುದನ್ನು ನೀತಿ ರೂಪಿಸುವವರು ಗಮನಿಸಬೇಕು. ತಜ್ಞರ ಸಮಿತಿಯಲ್ಲಿ ಯಾರಿಗೆ ಕುರ್ಚಿ ಹಾಕುತ್ತೇವೆ ಎಂಬ ಪ್ರಶ್ನೆ ಅದು.

ಆಮೇಲೆ ಚಕ್ರ ನಿಧಾನಕ್ಕೆ ಉರುಳಿತು. 2021ರ ಫೆಬ್ರವರಿಯಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು: ಚರ್ಮದ ಬಣ್ಣ, ಚರ್ಮದ ದಪ್ಪ, ತಣ್ಣಗಿನ ಬೆರಳು, ತಂಬಾಕು ಸೇವನೆ, ಉಗುರಿನ ಬಣ್ಣ ಇವೆಲ್ಲ ಅಂಕಿಯನ್ನು ಬದಲಿಸಬಹುದು. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಚೀಟಿಯಿಲ್ಲದೆ ಸಿಗುವ ಕ್ಲಿಪ್ಪುಗಳನ್ನು ತಾನು ಪರಿಶೀಲಿಸಿಯೇ ಇಲ್ಲ ಎಂದೂ ಅದರಲ್ಲೇ ಹೇಳಿತು. ಮನೆಮನೆಗೆ ಹೋದದ್ದು ಬಹುಪಾಲು ಅಂಥವೇ! ಬ್ರಿಟನ್ ಸರ್ಕಾರ ಮಾರ್ಗರೆಟ್ ವೈಟ್‌ಹೆಡ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಾಮರ್ಶೆ ನಡೆಸಿತು, ವರದಿ ಬಂದದ್ದು 2024ರ ಮಾರ್ಚಿನಲ್ಲಿ. ಆಕ್ಸಿಮೀಟರನ್ನು ಬಿಸಾಡಿ ಎಂದು ಅದು ಹೇಳಲಿಲ್ಲ, ಹೇಳಬಾರದು ಕೂಡ. ಒಂಟಿ ಅಂಕಿಯನ್ನು ನಂಬಿ ಕೂರದೆ, ಬೆಳಿಗ್ಗೆಯಿಂದ ಸಂಜೆಗೆ ಅಂಕಿ ಹೇಗೆ ಬದಲಾಗುತ್ತಿದೆ ಎಂಬುದನ್ನು ನೋಡಿ ಎಂಬುದು ಅದರ ಸಲಹೆಗಳಲ್ಲೊಂದು. 2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ಮುಂದಿಟ್ಟಿತು. ಹತ್ತರ ಬದಲು ಕನಿಷ್ಠ 150 ಮಂದಿ, ಮೈಬಣ್ಣವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳುವ ಬದಲು ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ 10 ಛಾಯೆಗಳ ಮಾಪಕ. 1990ರ ಲೇಖನದಿಂದ ಈ ಕರಡಿಗೆ 35 ವರ್ಷ.

ಭಾರತದ ಕಥೆ ಇನ್ನೂ ವಿಚಿತ್ರ. ಇಲ್ಲಿ ಎಲ್ಲ ವೈದ್ಯಕೀಯ ಸಾಧನಗಳನ್ನೂ ಔಷಧ ಕಾನೂನಿನ ವ್ಯಾಪ್ತಿಗೆ ತಂದ ಆದೇಶ ಜಾರಿಯಾದದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ಶುರುವಾಗಿ ವಾರ ತುಂಬುವಷ್ಟರಲ್ಲಿ. ಆದರೆ ಅದುವರೆಗೆ ಪಟ್ಟಿಯಲ್ಲಿಲ್ಲದ ಸಾಧನಗಳಿಗೆ 18 ತಿಂಗಳು ನೋಂದಣಿ ಐಚ್ಛಿಕ. ಅದು ಕಡ್ಡಾಯವಾದದ್ದು 2021ರ ಅಕ್ಟೋಬರ್ 1ರಿಂದ. ಎರಡನೇ ಅಲೆ ಅಷ್ಟರಲ್ಲಿ ಬಂದು ಹೋಗಿತ್ತು. ಜನ ಹೆದರಿ, ಒಂದಕ್ಕೆ ಎರಡು ಪಟ್ಟು ಕೊಟ್ಟು ಕೊಂಡ ಕ್ಲಿಪ್ಪುಗಳಲ್ಲಿ ಯಾವುದು ಎಲ್ಲಿ ತಯಾರಾದದ್ದು, ಯಾರ ಬೆರಳಿನ ಮೇಲೆ ಪರೀಕ್ಷೆಗೊಂಡದ್ದು ಎಂದು ಕೇಳುವ ಅಧಿಕಾರಿ ಆ ಹೊತ್ತಿಗೆ ಇರಲಿಲ್ಲ. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಆಮ್ಲಜನಕ ತೋರಿಸುತ್ತೇವೆನ್ನುವ ನಕಲಿ ಆ್ಯಪ್‌ಗಳೂ ಹುಟ್ಟಿಕೊಂಡಿದ್ದವು. ಕೇಂದ್ರ ಗೃಹ ಸಚಿವಾಲಯದ ‘ಸೈಬರ್ ದೋಸ್ತ್’ ಅವುಗಳ ಬಗ್ಗೆ ಎಚ್ಚರಿಸಬೇಕಾಯಿತು.

ಸರ್ಕಾರ ಬೆಲೆಯ ಕಡೆಗೆ ಮಾತ್ರ ಚುರುಕಾಗಿ ತಿರುಗಿತು. 2021ರ ಜುಲೈಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಆಕ್ಸಿಮೀಟರ್, ಬಿಪಿ ಯಂತ್ರ, ನೆಬ್ಯುಲೈಜರ್, ಡಿಜಿಟಲ್ ಥರ್ಮಾಮೀಟರ್, ಗ್ಲುಕೋಮೀಟರ್ ಈ ಐದಕ್ಕೂ ವ್ಯಾಪಾರಿ ಲಾಭವನ್ನು ಶೇ. 70ಕ್ಕೆ ಮಿತಿಗೊಳಿಸಿತು. ಅದಕ್ಕೆ ಮುಂಚೆ ಲಾಭ ಶೇ. 709ರವರೆಗೂ ಏರಿತ್ತು. ಒಳ್ಳೆಯ ಆದೇಶವೇ. ಆದರೆ ಅಗ್ಗಕ್ಕೆ ಸಿಕ್ಕ ತಪ್ಪು ಅಂಕಿ ದುಬಾರಿಗೆ ಸಿಕ್ಕ ತಪ್ಪು ಅಂಕಿಗಿಂತ ಹೇಗೆ ಮೇಲು? ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಇಷ್ಟೊಂದು ಮೈಬಣ್ಣಗಳಿರುವ ದೇಶದಲ್ಲಿ ಈ ಪ್ರಶ್ನೆ ಅಮೆರಿಕದಲ್ಲಿ ಎದ್ದಷ್ಟು ಜೋರಾಗಿ ಏಳಲೇ ಇಲ್ಲ.

ನಮ್ಮಲ್ಲಿ ಚರ್ಮದ ಬಣ್ಣಕ್ಕಷ್ಟೇ ಮಾತು ಮುಗಿಯುವುದೂ ಇಲ್ಲ. ಗುದ್ದಲಿ, ಕುಡಗೋಲು ಹಿಡಿದು ದಡ್ಡುಗಟ್ಟಿದ ಬೆರಳಿನಲ್ಲಿ ಬೆಳಕು ಹಾಯುವುದೇ ಕಷ್ಟ. ಇನ್ನು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಂಥವರ ಬೆರಳಿಗೆ ಕ್ಲಿಪ್ ಹಾಕಿದರೂ 98, 99 ಬರುತ್ತದೆ. ಬಸ್ಸುಗಳೆಲ್ಲ ಭರ್ತಿಯಾಗಿವೆ ಎಂದ ಮಾತ್ರಕ್ಕೆ ಊರಿಗೆ ಸಾಕಷ್ಟು ಬಸ್ಸುಗಳಿವೆ ಎಂದಾಗುವುದಿಲ್ಲವಲ್ಲ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನಷ್ಟೇ ಸಾಧನ ಹೇಳುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ತಲೆ ತಿರುಗುತ್ತದೆ ಎನ್ನುವ ಹೆಂಗಸಿಗೆ ‘ಸ್ಯಾಚುರೇಶನ್ ಚೆನ್ನಾಗಿದೆಯಲ್ಲಮ್ಮ, ಹೋಗಿ ರೆಸ್ಟ್ ಮಾಡಿ’ ಎಂದು ಫೋನಿನಲ್ಲೇ ಸಮಾಧಾನ ಹೇಳುವುದು ಈ ಅಂಕಿಯಿಂದ ಸುಲಭವಾಗಿಬಿಡುತ್ತದೆ.

ದೂರ ಚಿಕಿತ್ಸೆಗೆ ನಮ್ಮಲ್ಲಿ ನಿಯಮಗಳೇ ಇಲ್ಲ ಎನ್ನುವುದು ಅನ್ಯಾಯವಾದೀತು. 2018ರಲ್ಲಿ ರತ್ನಾಗಿರಿಯ ಪ್ರಕರಣವೊಂದರಲ್ಲಿ, ಫೋನಿನಲ್ಲೇ ಔಷಧಿ ಸೂಚಿಸಿದ ಬಳಿಕ ರೋಗಿ ತೀರಿಕೊಂಡಾಗ, ಬಾಂಬೆ ಹೈಕೋರ್ಟು ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತ್ತು. ದೂರದಿಂದ ಸಲಹೆ ಕೊಡಲು ವೈದ್ಯರು ಅಂಜತೊಡಗಿದರು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಆ ಅಂಜಿಕೆಯನ್ನು ಬಿಡಿಸಿತು. ಯಾವ ಔಷಧಿಯನ್ನು ಮೊದಲ ಭೇಟಿಯಲ್ಲಿ ದೂರದಿಂದಲೇ ಬರೆಯಬಹುದು, ಯಾವುದನ್ನು ಬರೆಯಲೇಬಾರದು ಎಂದು ಪಟ್ಟಿ ಮಾಡಿತು. ಪರದೆಯ ಮೇಲೆ ನೋಡಿದರೆ ಸಾಲದು, ನೇರ ಬನ್ನಿ ಎನ್ನುವ ಅಧಿಕಾರ ವೈದ್ಯರದ್ದು ಎಂದಿತು. ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ವೈದ್ಯರಿಗೆ ನೆರವಾಗಬಹುದು ಅಷ್ಟೇ ಎಂದೂ ಸ್ಪಷ್ಟವಾಗಿ ಬರೆಯಿತು. ಅದರ ಬೆನ್ನಿಗೇ ಬೆಳೆದ ಸರ್ಕಾರಿ ದೂರ ಸಮಾಲೋಚನಾ ಸೇವೆ ಇ-ಸಂಜೀವಿನಿ 2023ರ ಆರಂಭಕ್ಕೆ 10 ಕೋಟಿ ಸಮಾಲೋಚನೆಗಳನ್ನು ದಾಟಿತು. ವೈದ್ಯರ ಹೊಣೆಯ ಬಗ್ಗೆ ಇಷ್ಟು ಜತನದಿಂದ ಯೋಚಿಸಿದ ಆ ಮಾರ್ಗಸೂಚಿಯ ಪರಿಧಿಯಲ್ಲಿ ರೋಗಿಯ ಕೈಯಲ್ಲಿರುವ ಯಂತ್ರದ ನಿಖರತೆ ಇರಲಿಲ್ಲ. ಅದು ಇನ್ನೊಂದು ಇಲಾಖೆಯ ಕಡತ.

ಹೊಣೆ ಹಂಚಿದ ದೂರ ಚಿಕಿತ್ಸೆ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆಯಿದೆ. ಕುತೂಹಲದ ಸಂಗತಿಯೆಂದರೆ ಅದೂ ಆಮ್ಲಜನಕಕ್ಕೆ ಸಂಬಂಧಪಟ್ಟದ್ದೇ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ರೆಟಿನಾದಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಉಳಿಸಲೆಂದು ಕೊಟ್ಟ ಆಮ್ಲಜನಕ ಹೆಚ್ಚಾದರೆ ಆ ನಾಳಗಳು ಅಡ್ಡಾದಿಡ್ಡಿ ಬೆಳೆದು, ರೆಟಿನಾವನ್ನೇ ಎಳೆದು ಕಿತ್ತು, ಮಗು ಶಾಶ್ವತ ಕುರುಡಾಗಬಹುದು. ನವಜಾತ ಶಿಶು ಘಟಕದಲ್ಲಿ ಆಮ್ಲಜನಕವನ್ನು ಹದದಲ್ಲಿಡುವುದು ಇದೇ ಆಕ್ಸಿಮೀಟರನ್ನು ನೋಡಿಕೊಂಡು. ಕಣ್ಣು ಕೆಡುತ್ತಿದೆ ಎಂದು ಗೊತ್ತಾದ ಮೇಲೆ ಲೇಸರ್ ಚಿಕಿತ್ಸೆಗೆ ಸಿಗುವುದು ಎರಡು ಮೂರು ದಿನಗಳ ಅವಕಾಶ. ಜಿಲ್ಲಾಸ್ಪತ್ರೆಗಳಲ್ಲಿ ಇದನ್ನು ಗುರುತಿಸಬಲ್ಲ ಕಣ್ಣಿನ ತಜ್ಞರು ವಿರಳ.

ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಕ್ಯಾಮೆರಾವನ್ನೇ ವಾಹನದಲ್ಲಿ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಯಿತು. ರಾಜ್ಯ ಸರ್ಕಾರ ಮತ್ತು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಕೈಜೋಡಿಸಿದವು. ಚಿತ್ರ ತೆಗೆಯುವವರು ವೈದ್ಯರಲ್ಲ, ತರಬೇತಿ ಪಡೆದ ತಂತ್ರಜ್ಞರು. ಅವರು ಚಿತ್ರ ತೆಗೆದು ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ತಾವೇ ಕೆಂಪು, ಕಿತ್ತಳೆ, ಹಸಿರು ಎಂದು ಮೊದಲ ವಿಂಗಡಣೆ ಮಾಡುತ್ತಾರೆ: ತುರ್ತು ಚಿಕಿತ್ಸೆ, ಮತ್ತೆ ನೋಡಬೇಕು, ಚಿಂತೆಯಿಲ್ಲ. ಬೆಂಗಳೂರಿನ ತಜ್ಞರು ಅದೇ ಚಿತ್ರಗಳನ್ನು ಫೋನಿನಲ್ಲಿ ನೋಡಿ ತೀರ್ಪು ಕೊಡುತ್ತಾರೆ. ತಂತ್ರಜ್ಞರ ವಿಂಗಡಣೆ ತಜ್ಞರ ತೀರ್ಪಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಅಳೆದು ಪ್ರಕಟಿಸಿದ್ದಾರೆ. ಯಂತ್ರದ ಜೊತೆಗೆ ಅನುಮಾನಿಸುವ ಮನುಷ್ಯರೂ ಊರಿಗೆ ಹೋದರು ಎಂಬುದೇ ಇಲ್ಲಿ ಮುಖ್ಯ.

ಯಾರ ದೇಹವನ್ನು ನೋಡಿ ನಿಯಮ ಮಾಡುತ್ತೇವೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ಸಿಕ್ಕಿತು. ಅಮೆರಿಕದಲ್ಲಿ ಸಾಮಾನ್ಯವಾಗಿ 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರದೊಳಗೆ ಹುಟ್ಟಿದ ಮಕ್ಕಳ ಕಣ್ಣು ತಪಾಸಣೆ ಮಾಡುತ್ತಾರೆ. ಭಾರತದಲ್ಲಿ ಅದಕ್ಕಿಂತ ದಪ್ಪಗಿನ ಮಕ್ಕಳಲ್ಲೂ ಈ ರೋಗ ತೀವ್ರವಾಗಿ ಬರುತ್ತದೆ. ಅಲ್ಲಿನ ಗೆರೆಯನ್ನು ಹಾಗೇ ಎತ್ತಿ ತಂದಿದ್ದರೆ ಎಷ್ಟೋ ಮಕ್ಕಳು ತಪ್ಪಿಹೋಗುತ್ತಿದ್ದವು. ಅದಕ್ಕೇ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2017ರ ಮಾರ್ಗಸೂಚಿಯಲ್ಲಿ ಗೆರೆಯನ್ನು 2000 ಗ್ರಾಂ, 34 ವಾರಕ್ಕೆ ಸರಿಸಿತು. ಇದರ ಹಿಂದೆ ಕಾನೂನಿನ ಬಿಸಿಯೂ ಇತ್ತು. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಯಾಗದೆ ಕಣ್ಣು ಕಳೆದುಕೊಂಡ ಮಗುವಿನ ಕುಟುಂಬಕ್ಕೆ ಸುಪ್ರೀಂ ಕೋರ್ಟು 2015ರಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತ್ತು. ಮಗುವಿನ ಕಣ್ಣು ತಪ್ಪಿದರೆ ಯಾರನ್ನು ಕೇಳಬೇಕೆಂದು ಅಲ್ಲಿಂದ ಮುಂದೆ ಎಲ್ಲರಿಗೂ ಗೊತ್ತಾಯಿತು. ಮನೆಯ ಕ್ಲಿಪ್ 95 ತೋರಿಸಿ ಒಳಗೆ 87 ಇದ್ದರೆ ಯಾರನ್ನು ಕೇಳಬೇಕು?

ಸಾಧನಗಳಿಂದಾದ ತೊಂದರೆಯನ್ನು ದಾಖಲಿಸಲು 2015ರಿಂದಲೇ ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗ ಅದನ್ನು ನಡೆಸುತ್ತದೆ. ರೋಗಿಯೂ ದೂರು ಕೊಡಬಹುದು. ಆದರೆ ತನ್ನ ಆಕ್ಸಿಮೀಟರ್ ಸುಳ್ಳು ಹೇಳಿತೆಂದು ಮನೆಯವರಿಗೆ ತಿಳಿಯುವ ಬಗೆ ಹೇಗೆ? ಹೋಲಿಸಿ ನೋಡಲು ಅಪಧಮನಿಯ ರಕ್ತದ ವರದಿ ಯಾರ ಮನೆಯಲ್ಲೂ ಇರುವುದಿಲ್ಲ. ಹಾಗಾಗಿ ಈ ತಪ್ಪನ್ನು ಮಾರಾಟವಾದ ಮೇಲೆ ಹಿಡಿಯುತ್ತೇವೆಂದು ಕಾಯುವುದು ವ್ಯರ್ಥ. ಕೊಳ್ಳುವ ಮುಂಚೆಯೇ ಹಿಡಿಯಬೇಕು.

ಅದಕ್ಕೆ ದಾರಿ ಹೊಸ ಕಾಯ್ದೆಗಿಂತ ಹತ್ತಿರದಲ್ಲಿದೆ. ಈ ಸಾಧನಗಳ ದೊಡ್ಡ ಗಿರಾಕಿಗಳಲ್ಲಿ ಸರ್ಕಾರವೂ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಶಾ ಕಾರ್ಯಕರ್ತೆಯರ ಚೀಲಕ್ಕೆ ಹೋಗುವುದನ್ನು ಟೆಂಡರ್ ಕರೆದು ಕೊಳ್ಳುತ್ತಾರೆ. ಎಷ್ಟು ಮಂದಿಯ ಮೇಲೆ ಪರೀಕ್ಷಿಸಿದ್ದೀರಿ, ಅವರಲ್ಲಿ ನಮ್ಮ ಮೈಬಣ್ಣದವರು ಎಷ್ಟು, ಅವರಲ್ಲಿ ಪ್ರತ್ಯೇಕವಾಗಿ ತಪ್ಪು ಎಷ್ಟು ಬಂತು ಎಂಬ ಮೂರು ವಿವರಗಳನ್ನು ಟೆಂಡರಿನ ತಾಂತ್ರಿಕ ಷರತ್ತಿನಲ್ಲಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಸೇರಿಸಬಹುದು. ಉಸಿರಾಟ ಕಷ್ಟವಾದರೆ ಅಂಕಿ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗಿ ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸಲು ಹೇಳಬಹುದು. ದೊಡ್ಡ ಗಿರಾಕಿ ಕೇಳಿದರೆ ಕಂಪನಿಗಳು ಪರೀಕ್ಷೆ ಮಾಡಿಯೇ ಮಾಡುತ್ತವೆ.

ನಿಗಮ ಕೇಳುವವರೆಗೆ ಓದುಗರು ಕಾಯಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳಲ್ಲಿ ಊರಿನವರೂ ಸದಸ್ಯರು. ನಿಮ್ಮ ತಾಲ್ಲೂಕಿನ ಸಮಿತಿ ಮುಂದಿನ ಸಲ ಆಕ್ಸಿಮೀಟರ್ ಕೊಳ್ಳುವಾಗ ದರಪಟ್ಟಿಯ ಜೊತೆಗೆ ಪರೀಕ್ಷಾ ವರದಿಯನ್ನೂ ತರಿಸಲು ಹೇಳಿ.